ಒಂಬತ್ತು ಗಂಟೆ ನಲವತ್ತು ನಿಮಿಷದ ಹಾರಾಟ

ಗೊಂದರ್‌ನಿಂದ ದಿರೇದಾವಾಕ್ಕೆ ವಿಮಾನದಲ್ಲಿ ಎಷ್ಟು ಹೊತ್ತಿನ ಪ್ರಯಾಣವೆಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಉತ್ತರ ಕೊಡುವುದಿಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿಬಿಡುತ್ತೇನೆ. ಆ ಪ್ರಶ್ನೆಗೆ ನನ್ನ ಗೆಳೆಯ ಜೆಂಬೆರೆ ಒಮ್ಮೆ ನಿಮಿಷದ ಲೆಕ್ಕದವರೆಗೆ ನಿಖರವಾದ ಉತ್ತರ ಕೊಟ್ಟಿದ್ದ. ಆ ಉತ್ತರದ ಅಡಿಗೆ ಸಿಕ್ಕಿ ನಾನೂ, ಎಪ್ಪತ್ತೆಂಟು ವರ್ಷದ ಪಾದ್ರಿ ಮೆರ್ಷಾ ಅವರೂ, ಒಬ್ಬ ಬಡಪಾಯಿಯ ಮದುವೆಯೂ ಜಜ್ಜಿಹೋಗುವುದರಲ್ಲಿದ್ದೆವು.

ಆ ಬಡಪಾಯಿ ಜೆಂಬೆರೆಯ ಅಕ್ಕನ ಮಗ ಬೆಲಾಯ್. ಗೊಂದರ್‌ನ ಶಾಲೆಯೊಂದರಲ್ಲಿ ಆಟ ಕಲಿಸುವ ಮೇಷ್ಟ್ರು. ನರ್ಸ್ ತರಬೇತಿಗೆಂದು ದೂರದ ದಿರೇದಾವಾದಿಂದ ಬಂದಿದ್ದ ವೂಬಿತ್ ಎಂಬ ಹುಡುಗಿ ಎರಡು ವರ್ಷದಲ್ಲಿ ಕಲಿಯಬೇಕಾದ್ದನ್ನು ಕಲಿತು ಊರಿಗೆ ಮರಳಿದಳು. ಅಂದಿನಿಂದ ಬೆಲಾಯ್ ಮೈದಾನದಲ್ಲಿ ಸೀಟಿ ಊದುವುದನ್ನೇ ಮರೆತ. ನಮ್ಮಲ್ಲಿ ಹುಡುಗ ತಾನಾಗಿ ಹೋಗಿ ಹೆಣ್ಣು ಕೇಳುವಂತಿಲ್ಲ. ಅವನ ಪರವಾಗಿ ಮೂವರು ಹಿರಿಯರು ಹೋಗಬೇಕು. ಹೀಗಾಗಿ ಸೋದರಮಾವ ಜೆಂಬೆರೆ, ಪಾದ್ರಿ ಮೆರ್ಷಾ ಮತ್ತು ದರ್ಜಿ ಇಮರ್, ಅಂದರೆ ನಾನು, ಗಾಬಿ ಎಂಬ ಬಿಳಿಯ ದಪ್ಪ ಶಾಲು ಹೊದ್ದು ಹೊರಟೆವು.

ಮೊದಲೆರಡು ಸಲ ನಮ್ಮನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದರು. ಅದರಲ್ಲಿ ತಪ್ಪೇನಿಲ್ಲ, ಕೇಳಿದ ಕೂಡಲೇ ಹೂಂ ಎನ್ನುವುದು ಹೆಣ್ಣಿನ ಮನೆಗೆ ಶೋಭೆಯಲ್ಲ. ತಪ್ಪಾದದ್ದು ನಾವು ತಲುಪಿದ ರೀತಿಯಲ್ಲಿ. ಬಸ್ಸು ಕೆಟ್ಟು ಮೊದಲ ಸಲ ಎರಡು ದಿನ, ಎರಡನೇ ಸಲ ಒಂದು ದಿನ ತಡವಾಗಿ ಹೋದೆವು. ಹುಡುಗಿಯ ತಂದೆ ಆತೊ, ಎಂದರೆ ಶ್ರೀಮಾನ್, ಬೆಶಾಹ್ ಮೂವತ್ತಾರು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಬೆಳಿಗ್ಗೆ ಟೈ ಕಟ್ಟಿ ವರಾಂಡದಲ್ಲಿ ನಿಂತು, ಬೀದಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹಾದುಹೋದರೆಂದು ಗಮನಿಸುವ ಮನುಷ್ಯ.

"ಬಸ್ಸು ಕೆಟ್ಟಿತು ಅಂತೀರಿ, ಸೇತುವೆ ಕೊಚ್ಚಿಹೋಯ್ತು ಅಂತೀರಿ," ಎಂದಿದ್ದರು ಅವರು, ಎರಡನೇ ಸಲ ನಮ್ಮನ್ನು ಗೇಟಿನವರೆಗೆ ಬಿಡುತ್ತ. "ಹೊತ್ತು ಕಾಯೋಕೆ ಬಾರದವರ ಮನೇಲಿ ನನ್ನ ಮಗಳು ಜೀವಮಾನವೆಲ್ಲ ಕಾಯ್ತಾ ಕೂರೋದು ಬೇಡ. ಮೂರನೇದೇ ಕಡೇದು. ಬರೋ ಗಂಟೆ ಮೊದಲೇ ಹೇಳಿ, ಹೇಳಿದ ಗಂಟೆಗೆ ಬನ್ನಿ. ತಪ್ಪಿದರೆ ಈ ಗೇಟು ನಿಮಗೆ ಮತ್ತೆ ತೆಗೆಯೋದಿಲ್ಲ."

ಬೆಲಾಯ್ ಇದನ್ನು ಕೇಳಿ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಜೆಂಬೆರೆ ಎದೆ ತಟ್ಟಿ ಘೋಷಿಸಿದ: "ವಿಮಾನ!"

ಜೆಂಬೆರೆ ಪುರಸಭೆಯಲ್ಲಿ ದಾಖಲೆ ವಿಭಾಗದ ಗುಮಾಸ್ತನಾಗಿದ್ದವನು. ಹಿಂದೊಮ್ಮೆ ಬಿಷಪ್ಪರನ್ನು ಬೀಳ್ಕೊಡಲು ಹೋದಾಗ ವಿಮಾನ ನಿಲ್ದಾಣದ ಬೇಲಿಯವರೆಗೂ ಹೋಗಿದ್ದ. ಆ ಬೇಲಿಯ ಬಲದಿಂದ ನಮ್ಮ ಬೀದಿಯಲ್ಲಿ ವಿಮಾನಶಾಸ್ತ್ರಕ್ಕೆ ಅವನೇ ಕೊನೆಯ ಮಾತು.

ಇಲ್ಲಿ ನಮ್ಮ ಗಡಿಯಾರದ ವಿಷಯ ಒಂದು ಮಾತು ಹೇಳಲೇಬೇಕು. ನಾವು ಹೊತ್ತು ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ಪರದೇಶದವರು ಬೆಳಗಿನ ಎಂಟು ಎನ್ನುವಾಗ ನಮಗೆ ಎರಡು ಗಂಟೆ. ಅವರ ಮಧ್ಯಾಹ್ನದ ಹನ್ನೆರಡು ನಮ್ಮ ಆರು. ಎರಡಕ್ಕೂ ಆರು ಗಂಟೆಯ ಅಂತರ. ವಿಮಾನದ ಟಿಕೆಟ್ಟುಗಳು ಪರದೇಶದ ಲೆಕ್ಕದಲ್ಲಿರುತ್ತವೆ. ಟಿಕೆಟ್ ಬರೆದುಕೊಟ್ಟ ಗುಮಾಸ್ತೆ ಒಳ್ಳೆಯ ಹೆಂಗಸು. ಈ ಹಿರಿಯರು ವಿಮಾನ ತಪ್ಪಿಸಿಕೊಳ್ಳದಿರಲೆಂದು ಹೊರಡುವ ಎಂಟು ಗಂಟೆಯನ್ನು ಹೊಡೆದುಹಾಕಿ, ನಮ್ಮ ಲೆಕ್ಕದಲ್ಲಿ 'ಎರಡು' ಎಂದು ದಪ್ಪಗೆ ಬರೆದಳು. ಅಷ್ಟರಲ್ಲಿ ಫೋನ್ ಬಂತು. ತಲುಪುವ ಹೊತ್ತು ಮಾತ್ರ ಪರದೇಶದ ಲೆಕ್ಕದಲ್ಲೇ 'ಹನ್ನೊಂದು ನಲವತ್ತು' ಎಂದು ಉಳಿದುಬಿಟ್ಟಿತು. ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವ ನಡುವಿನ ಸಾಲನ್ನು ಕಾರ್ಬನ್ ಕಾಗದದ ಮಸಿ ನುಂಗಿತ್ತು.

ಎರಡಕ್ಕೆ ಹೊರಟು ಹನ್ನೊಂದು ನಲವತ್ತಕ್ಕೆ ತಲುಪುವುದೆಂದರೆ ಒಂಬತ್ತು ಗಂಟೆ ನಲವತ್ತು ನಿಮಿಷ. ಜೆಂಬೆರೆ ಟಿಕೆಟ್ಟುಗಳನ್ನು ಮಡಚಿ ಒಳಜೇಬಿಗೆ ಸೇರಿಸಿದ, ಯಾರಿಗೂ ತೋರಿಸಲಿಲ್ಲ. ಒಮ್ಮೆ ತೋರಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆ ಸಂಜೆ ಅವನ ಅಂಗಳದಲ್ಲಿ ಕಾಫಿಗೆ ಸೇರಿದ್ದಾಗ ಸುದ್ದಿ ಹೊರಬಿತ್ತು. ಪಕ್ಕದ ಮನೆಯ ಅಸ್ಕಾಲೆ ಬಟ್ಟಲು ಕೆಳಗಿಟ್ಟಳು. ಅವಳ ಮಗಳು ಬೈರೂತ್‌ನಲ್ಲಿ ಕೆಲಸಕ್ಕಿದ್ದಳು.

"ಒಂಬತ್ತು ಗಂಟೇನಾ? ನನ್ನ ಮಗಳು ಆಡಿಸ್‌ನಿಂದ ಬೈರೂತ್‌ಗೆ ಐದು ಗಂಟೇಲಿ ಹೋಗ್ತಾಳಲ್ಲೋ ಜೆಂಬೆರೆ! ಅದು ಬೇರೆ ದೇಶ. ನೀನು ಹೋಗ್ತಿರೋದು ವಿಮಾನದಲ್ಲೋ ಕತ್ತೆ ಮೇಲೋ?"

"ಅಕ್ಕಾ, ತಿಳೀದೆ ಮಾತಾಡಬಾರದು," ಎಂದ ಜೆಂಬೆರೆ, ತಾಳ್ಮೆಯ ಮೂರ್ತಿಯಂತೆ. "ಬೈರೂತ್‌ಗೆ ಹೋಗೋದು ಮರುಭೂಮಿ, ಸಮುದ್ರದ ಮೇಲೆ. ಸಪಾಟು. ನಮ್ಮಲ್ಲಿ ಬೆಟ್ಟ ಇಲ್ವಾ? ಬಸ್ಸು ಸುತ್ತೋ ಹಾಗೆ ವಿಮಾನಾನೂ ಬೆಟ್ಟ ಸುತ್ತಬೇಕು. ಹತ್ತಬೇಕು, ಇಳೀಬೇಕು, ಮತ್ತೆ ಹತ್ತಬೇಕು."

"ಬೆಟ್ಟದ ಮೇಲೇ ಹಾರಬಾರದಾ?"

"ಮೇಲೆ ಹಾರಿದ್ರೆ ಕೆಳಗಿನ ದಾರಿ ಕಾಣುತ್ತೇನಕ್ಕಾ?"

ಅಸ್ಕಾಲೆ ಕೆಳಗಿಟ್ಟ ಬಟ್ಟಲನ್ನು ಮತ್ತೆ ಎತ್ತಿಕೊಂಡಳು. ಜೆಂಬೆರೆ ಅದನ್ನೇ ಗೆಲುವೆಂದು ಭಾವಿಸಿ ಪೆನ್ಸಿಲ್ ತೆಗೆದ. ರಸ್ತೆಯ ಲೆಕ್ಕದಲ್ಲಿ ದಿರೇದಾವಾ ಹತ್ತಿರ ಹತ್ತಿರ ಸಾವಿರದ ಇನ್ನೂರು ಕಿಲೋಮೀಟರ್. ಅದನ್ನು ಒಂಬತ್ತು ಗಂಟೆ ನಲವತ್ತು ನಿಮಿಷದಿಂದ ಭಾಗಿಸಿದಾಗ ಗಂಟೆಗೆ ನೂರಿಪ್ಪತ್ತು ಚಿಲ್ಲರೆ ಬಂತು. "ನೋಡಿ! ಒಳ್ಳೆ ರಸ್ತೇಲಿ ಮಿನಿಬಸ್ಸು ಓಡೋದು ನೂರು. ವಿಮಾನ ಅದಕ್ಕಿಂತ ಸ್ವಲ್ಪ ಜಾಸ್ತಿ. ಸರಿಹೋಯ್ತಲ್ಲ!" ಲೆಕ್ಕ ಅಷ್ಟು ಚೊಕ್ಕವಾಗಿ ಹೊಂದಿಕೊಂಡದ್ದೇ ನಮ್ಮ ದುರದೃಷ್ಟ. ಅಸ್ಕಾಲೆಗೂ ಹೂಂ ಎನ್ನದೆ ದಾರಿಯಿರಲಿಲ್ಲ. ತಪ್ಪು ಉತ್ತರಗಳಿಗೆ ಒಂದು ಗುಣವಿದೆ: ಸರಿ ಉತ್ತರಕ್ಕಿಂತ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಬರುತ್ತವೆ.

ಮರುದಿನ ಅಂಚೆ ಕಚೇರಿಯ ಫೋನಿನಲ್ಲಿ ಜೆಂಬೆರೆ ಆತೊ ಬೆಶಾಹ್ ಅವರೊಡನೆ ಮಾತಾಡಿದ. ದಿರೇದಾವಾ ದೂರವೆಂಬ ಕಾರಣಕ್ಕೆ ಅಷ್ಟು ದೂರಕ್ಕೂ ಕೇಳುವಂತೆ ಕೂಗಿದ.

"ಭಾನುವಾರ ಬರ್ತೀವಿ ಯಜಮಾನ್ರೇ! ಹನ್ನೊಂದು ನಲವತ್ತಕ್ಕೆ!"

"ಟಿಕೆಟ್ಟಿನಲ್ಲಿ ಹಾಗೇ ಬರೆದಿದೆಯಾ?" ಆ ಕಡೆಯಿಂದ ಬಂದದ್ದು ಇಷ್ಟೇ.

"ಹಾಗೇ ಇದೆ! ಮುದ್ರೆ ಸಮೇತ!"

"ಒಳ್ಳೇದು. ಟಿಕೆಟ್ಟಿನ ಹನ್ನೊಂದು ನಲವತ್ತು. ಒಂದು ನಿಮಿಷ ಹಿಂದೆ ಮುಂದೆ ಆಗಬಾರದು."

ಆತೊ ಬೆಶಾಹ್‌ಗೆ ಟಿಕೆಟ್ಟುಗಳ ಭಾಷೆ ತಾಯಿನುಡಿಯಷ್ಟೇ ಸಲೀಸು. ಟಿಕೆಟ್ಟಿನ ಹನ್ನೊಂದು ನಲವತ್ತೆಂದರೆ ನಮ್ಮ ಐದು ನಲವತ್ತು, ಮಧ್ಯಾಹ್ನದ ಊಟದ ಹೊತ್ತು, ಎಂದು ಅವರು ಆ ಕ್ಷಣದಲ್ಲೇ ಮನಸ್ಸಿನಲ್ಲಿ ತಿರುವಿಕೊಂಡಿದ್ದರು. ಜೆಂಬೆರೆಯ ಮನಸ್ಸಿನಲ್ಲಿದ್ದದ್ದು ನಮ್ಮ ಹನ್ನೊಂದು ನಲವತ್ತು, ಇಳಿಬಿಸಿಲಿನ ಸಂಜೆ. ಇಬ್ಬರೂ ತೃಪ್ತಿಯಿಂದ ಫೋನ್ ಕೆಳಗಿಟ್ಟರು.

ಭಾನುವಾರ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಅಧಿಕಾರಿ ನಮ್ಮ ಚೀಲದಿಂದ ಒಂದೊಂದೇ ವಸ್ತು ಹೊರತೆಗೆದ. ಹನ್ನೆರಡು ಇಂಜೆರಾ ರೊಟ್ಟಿ. ಹುರಿದ ಬಾರ್ಲಿ ಕಾಳು ಎರಡು ಸೇರು. ಮಣ್ಣಿನ ಕಾಫಿ ಹೂಜಿ. ಆಮೇಲೆ ಅವನ ಕೈ ಗಕ್ಕನೆ ನಿಂತಿತು.

"ಇದೇನು?"

"ಒಲೆ," ಎಂದ ಜೆಂಬೆರೆ.

"ಇದು?"

"ಇದ್ದಿಲು. ಒಲೆ ಇದ್ದ ಮೇಲೆ ಇದ್ದಿಲು ಬೇಡ್ವೇನಪ್ಪಾ?"

"ವಿಮಾನದಲ್ಲಿ ಬೆಂಕಿ ಹಾಕ್ತೀರಾ?"

"ನಡುದಾರಿಯಲ್ಲಿ ಹಾಕ್ತೀವಿ, ಪಕ್ಕಕ್ಕೆ. ಯಾರಿಗೂ ತೊಂದರೆ ಇಲ್ಲ. ಗುರುಗಳಿಗೆ ಹೊತ್ತಿಗೆ ಸರಿಯಾಗಿ ಕಾಫಿ ಬೀಳದಿದ್ರೆ ತಲೆನೋವು. ಒಂಬತ್ತು ಗಂಟೆ ನಲವತ್ತು ನಿಮಿಷ ಕಾಫಿ ಇಲ್ಲದೆ ಹೇಗಿರೋದು?"

ಅಧಿಕಾರಿಯ ಹುಬ್ಬು ಮೇಲೇರಿತು. "ಒಂಬತ್ತು ಗಂಟೆ? ಎಲ್ಲಿಗೆ ಹೋಗ್ತಿದ್ದೀರಿ ನೀವು?"

ಜೆಂಬೆರೆ "ದಿರೇ..." ಎಂದು ಬಾಯಿ ತೆರೆದಿದ್ದ. ಆ ಅಧಿಕಾರಿ ಇನ್ನೊಂದೇ ಪ್ರಶ್ನೆ ಕೇಳಿದ್ದರೆ ನಾವೆಲ್ಲ ಉಳಿಯುತ್ತಿದ್ದೆವು. ಅಷ್ಟರಲ್ಲಿ ಪಾದ್ರಿ ಮೆರ್ಷಾ ಮುಂದೆ ಬಂದು ಕೈಶಿಲುಬೆಯನ್ನು ಅವನ ಹಣೆಗೆ ಮುಟ್ಟಿಸಿದರು. ಅವನು ಭಕ್ತಿಯಿಂದ ಕಣ್ಣು ಮುಚ್ಚಿದ. ತೆರೆಯುವಷ್ಟರಲ್ಲಿ ಸಾಲು ನಮ್ಮನ್ನು ಮುಂದಕ್ಕೆ ತಳ್ಳಿತ್ತು. ಒಲೆ ಅವನ ಬಳಿ ಉಳಿದಿತ್ತು, ನಾವು ಒಳಗಿದ್ದೆವು.

ಆಡಿಸ್‌ನಲ್ಲಿ ವಿಮಾನ ಬದಲಿಸಿದೆವು. ಎರಡನೆಯ ವಿಮಾನ ಏರಿದ ಮೇಲೆ ಜೆಂಬೆರೆ ಬೂಟು ಬಿಚ್ಚಿಟ್ಟು, ನಮಗೂ ಬಿಚ್ಚಿಸಿ, "ಇನ್ನು ಏಳು ಗಂಟೆ. ಹಾಯಾಗಿ ಮಲಗಿ," ಎಂದು ಅಪ್ಪಣೆ ಕೊಟ್ಟ. ನನಗಿನ್ನೂ ಮೊದಲ ಜೊಂಪು ಹತ್ತಿರಲಿಲ್ಲ. ಚಕ್ರ ನೆಲಕ್ಕೆ ಬಡಿಯಿತು. ಧ್ವನಿವರ್ಧಕದಲ್ಲಿ ಚಾಲಕ ಹೇಳಿದ: "ದಿರೇದಾವಾಕ್ಕೆ ಸ್ವಾಗತ. ಹಿಂದಿನಿಂದ ಒಳ್ಳೆ ಗಾಳಿ ಸಿಕ್ಕಿದ್ದರಿಂದ ಸ್ವಲ್ಪ ಮುಂಚೆಯೇ ಇಳಿದಿದ್ದೇವೆ."

ಜೆಂಬೆರೆ ಕೈಗಡಿಯಾರ ನೋಡಿದ. ಐದು ಗಂಟೆ ಮೂವತ್ತೈದು.

"ಸ್ವಲ್ಪ ಅಂತಾನೆ!" ಅವನ ಕಣ್ಣಲ್ಲಿ ನೀರಾಡಿತು. "ಎಷ್ಟು ವಿನಯವಂತ ನೋಡೋ ಇಮರ್! ಆರು ಗಂಟೆ ಐದು ನಿಮಿಷ ಮುಂಚೆ ತಂದು ಇಳಿಸಿದಾನೆ, ಸ್ವಲ್ಪ ಅಂತಾನೆ!"

"ನಿಜವಾಗಲೂ ಇದು ದಿರೇದಾವಾನೇನಾ?" ಎಂದು ನಾನು ಗಗನಸಖಿಯನ್ನು ಕೇಳಿದೆ.

"ಬಾಗಿಲ ಹೊರಗೆ ಕಾಲಿಡಿ ಅಪ್ಪಾಜಿ, ಸೆಕೆಯೇ ಹೇಳುತ್ತೆ," ಎಂದಳು ಅವಳು. "ಬೂಟು ಹಾಕ್ಕೊಳ್ಳಿ ಮೊದಲು."

ಸೆಕೆ ಹೇಳಿತು. ಗೊಂದರ್‌ನ ಚಳಿಗೆ ಹೊದ್ದ ಗಾಬಿಯೊಳಗೆ ನಾವು ಇಂಜೆರಾಗಳಂತೆ ಬೇಯತೊಡಗಿದೆವು. "ಗಾಡಿ ಹಿಡಿ, ಬೀಗರ ಮನೆಗೆ ಹೋಗೋಣ," ಎಂದರು ಪಾದ್ರಿ.

ಜೆಂಬೆರೆ ಅಡ್ಡ ನಿಂತ. "ಗುರುಗಳೇ! ಒಂದು ನಿಮಿಷ ಹಿಂದೆ ಮುಂದೆ ಆಗಬಾರದು ಅಂದಿದಾರೆ. ತಡವಾದ್ರೆ ತಪ್ಪು, ಆರು ಗಂಟೆ ಮುಂಚೆ ಹೋದ್ರೆ ಸರೀನಾ? ಮನೆ ಗುಡಿಸಿರಲ್ಲ, ಕೋಳಿ ಕುಯ್ದಿರಲ್ಲ, ಹೆಂಗಸರು ತಲೆ ಬಾಚಿರಲ್ಲ. ಹೊತ್ತು ಗೊತ್ತಿಲ್ಲದ ಜನ ಅಂತ ಮತ್ತೆ ಓಡಿಸ್ತಾರೆ. ಹುಡುಗನ ಬಾಳು ಹಾಳಾಗುತ್ತೆ."

ನಾನು ಚೀಲ ಕೆಳಗಿಟ್ಟೆ. ತಪ್ಪಿದ್ದದ್ದು ವಾದದಲ್ಲಿ ಅಲ್ಲ, ಅದು ನಿಂತ ನೆಲದಲ್ಲಿ.

ಒಳಗೆ ಕೂತು ಕಾಯಬಹುದಿತ್ತು. ಆದರೆ ವಿಮಾನ ಮರಳಿ ಹಾರಿದ ಕೂಡಲೇ ಕಾವಲುಗಾರ ಕಟ್ಟಡದ ಬಾಗಿಲಿಗೆ ಬೀಗ ಜಡಿದು, "ಸಂಜೆವರೆಗೂ ಬೇರೆ ವಿಮಾನ ಇಲ್ಲ," ಎಂದು ನಮ್ಮನ್ನು ಹೊರಗಟ್ಟಿದ. ಹೊರಗಿದ್ದದ್ದು ಒಂದೇ ಮರ. ಅದರ ಕೆಳಗೆ ಕೂರೋಣವೆಂದರೆ ಕೆಂಪಿರುವೆಗಳ ಸಾಮ್ರಾಜ್ಯ. ಮೂವರೂ ನಿಂತೆವು.

ನೀಲಿ ಬಣ್ಣದ ಮುದಿ ಪೆಜೋ ಟ್ಯಾಕ್ಸಿಯೊಂದು ಬಂತು. ಚಾಲಕನ ಕೆನ್ನೆಯಲ್ಲಿ ಚಾತ್ ಎಂಬ ಅಮಲಿನ ಎಲೆಯ ಉಂಡೆ. "ಹತ್ತಿ ಯಜಮಾನ್ರೇ, ಊರು ಇಲ್ಲೇ."

"ಹನ್ನೊಂದು ಗಂಟೆಗೆ ಬಾ," ಎಂದ ಜೆಂಬೆರೆ.

"ಈಗ ಆರು! ಐದು ಗಂಟೆ ಇಲ್ಲಿ ಏನ್ ಮಾಡ್ತೀರಿ?"

"ನಿಲ್ತೀವಿ."

ಎಂಟು ಗಂಟೆಯ ಹೊತ್ತಿಗೆ ಅವನು ಕುತೂಹಲ ತಾಳಲಾರದೆ ಒಮ್ಮೆ ಬಂದು ನೋಡಿದ. "ಇನ್ನೂ ನಿಂತೇ ಇದ್ದೀರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದ. ಊರಿಗೆ ಹೋಗಿ ಪೊಲೀಸರಿಗೆ ಹೇಳಿರಬೇಕು. ಒಂಬತ್ತು ಗಂಟೆಗೆ ಪೊಲೀಸಪ್ಪನೊಬ್ಬ ಸೈಕಲ್ಲಿನಲ್ಲಿ ಬಂದಿಳಿದ.

"ಯಾರಿಗೆ ಕಾಯ್ತಿದ್ದೀರಿ?"

"ಯಾರಿಗೂ ಇಲ್ಲ. ನಾವೇ ಬರಬೇಕಾದವರು," ಎಂದ ಜೆಂಬೆರೆ.

"ಬರಬೇಕಾದವರು? ಎಲ್ಲಿಗೆ?"

"ದಿರೇದಾವಾಕ್ಕೆ."

"ಇದೇ ದಿರೇದಾವಾ!"

"ಗೊತ್ತು ಸ್ವಾಮಿ. ಆದರೆ ನಾವು ಬರೋದು ಹನ್ನೊಂದು ನಲವತ್ತಕ್ಕೆ."

"ಈಗಾಗಲೇ ಬಂದು ನಿಂತಿದ್ದೀರಲ್ಲ!"

"ಈ ಬಂದದ್ದು ಗಾಳಿಯಿಂದಾಗಿ. ಲೆಕ್ಕಕ್ಕಿಲ್ಲ."

ಪೊಲೀಸಪ್ಪ ಪುಸ್ತಕ ತೆಗೆದ, ಬರೆಯಲು ಹೊರಟ, ಏನು ಬರೆಯಬೇಕೆಂದು ತಿಳಿಯದೆ ಮುಚ್ಚಿದ. ಪಾದ್ರಿಯ ಕಡೆ ತಿರುಗಿ, "ಗುರುಗಳೇ, ನೀವಾದರೂ ಹೇಳಿ. ಇವರಿಗೆ ಹುಷಾರಿಲ್ವಾ?" ಎಂದ.

"ಮೂವತ್ತು ವರ್ಷದಿಂದ ಪ್ರಾರ್ಥನೆ ಮಾಡ್ತಿದೀನಪ್ಪಾ," ಎಂದರು ಪಾದ್ರಿ, ಕುದುರೆಬಾಲದ ಚಾಮರದಿಂದ ನೊಣ ಓಡಿಸುತ್ತ. "ಗುಣ ಕಾಣಲಿಲ್ಲ."

ಅವರ ಪಾದಗಳು ಅಷ್ಟು ಹೊತ್ತಿಗೆ ಬೂಟಿನ ಅಂಚಿನಿಂದ ಉಬ್ಬಿ ಹೊರಬಂದಿದ್ದವು.

ಹನ್ನೊಂದು ಗಂಟೆಗೆ ಟ್ಯಾಕ್ಸಿ ಬಂತು. ಹನ್ನೊಂದು ಮೂವತ್ತೆಂಟಕ್ಕೆ ನಾವು ಆತೊ ಬೆಶಾಹ್ ಅವರ ಗೇಟಿನ ಮುಂದಿದ್ದೆವು. ಜೆಂಬೆರೆ ಒಂದು ಕೈ ಮೇಲೆತ್ತಿ ನಮ್ಮನ್ನು ತಡೆದು, ಸೆಕೆಂಡಿನ ಮುಳ್ಳನ್ನೇ ನೋಡುತ್ತ ನಿಂತ. ಸರಿಯಾಗಿ ಹನ್ನೊಂದು ನಲವತ್ತಕ್ಕೆ ಗೇಟು ತಟ್ಟಿದ. ಆ ಗಳಿಗೆಯಲ್ಲಿ ಅವನ ಮುಖದಲ್ಲಿದ್ದ ತೇಜಸ್ಸನ್ನು ನಾನು ಬೇರಾವ ಮನುಷ್ಯನ ಮುಖದಲ್ಲೂ ಕಂಡಿಲ್ಲ.

ಗೇಟು ತೆರೆಯಿತು. ಟೈ ಕಟ್ಟಿದ ಆತೊ ಬೆಶಾಹ್ ನಿಂತಿದ್ದರು. ಅವರ ಹಿಂದೆ ವರಾಂಡ, ಅಂಗಳ, ಕಿಟಕಿಗಳ ತುಂಬ ನೆಂಟರು, ನೆರೆಯವರು. ಎಲ್ಲರ ಮುಖದಲ್ಲೂ ಹಸಿವು.

"ಆರು ಗಂಟೆ ತಡ," ಎಂದರು ಆತೊ ಬೆಶಾಹ್.

"ಸರಿಯಾಗಿ ಹನ್ನೊಂದು ನಲವತ್ತು!" ಜೆಂಬೆರೆ ಮುಂಗೈ ಚಾಚಿದ.

"ಟಿಕೆಟ್ಟು ಕೊಡಿ."

ವಿಮಾನದವರನ್ನು ಬಿಟ್ಟರೆ ಮೊದಲ ಬಾರಿಗೆ ಜೆಂಬೆರೆ ಟಿಕೆಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟ. ಆತೊ ಬೆಶಾಹ್ ಕನ್ನಡಕ ಏರಿಸಿ ನೋಡಿದರು. ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಹೊರಡೋದು ನಮ್ಮ ಗಡಿಯಾರದಲ್ಲಿ. ತಲುಪೋದು ಪರದೇಶದವರ ಗಡಿಯಾರದಲ್ಲಿ. ನಡುವೆ ನೀವು!" ಅವರ ಧ್ವನಿ ಏರಿತು. "ವಿಮಾನ ಐದು ನಿಮಿಷ ಮುಂಚೆ ಇಳೀತು. ನಾನು ನಿಲ್ದಾಣದ ಕಾವಲುಗಾರನ ಮನೆಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಂದೇ ಉತ್ತರ: ಮೂವರು ಹಿರಿಯರು ಮರದ ಕೆಳಗೆ ನಿಂತಿದಾರೆ! ನನ್ನ ಊರಿಗೆ ಬಂದು, ನನ್ನ ಮನೆಗೆ ಬರೋದಕ್ಕಿಂತ ಮರದ ಕೆಳಗೆ ನಿಲ್ಲೋದೇ ಮೇಲು ಅಂತ ಆರು ಗಂಟೆ ನಿಂತಿದ್ರಿ. ನೂರು ಜನ ನೆಂಟರ ಮುಂದೆ ನನ್ನ ಮಾನ ಏನಾಯ್ತು? ಮೂವತ್ತಾರು ವರ್ಷದಲ್ಲಿ ಹಳಿ ತಪ್ಪಿದ ರೈಲು ನೋಡಿದೀನಿ. ಹಳಿ ಮೇಲೇ ನಿಂತು ನಿಲ್ದಾಣಕ್ಕೆ ಬರಲ್ಲ ಅನ್ನೋ ರೈಲು ಇವತ್ತೇ ನೋಡಿದ್ದು!"

ಜೆಂಬೆರೆ ಬೆರಳು ಮಡಚಿ ಎಣಿಸತೊಡಗಿದ. ಲೆಕ್ಕ ಅವನ ತಲೆಯಲ್ಲಿ ಈಗ ಸರಿಯಾಗುತ್ತಿತ್ತು. ಅದು ನೋಡಲು ಕರುಣಾಜನಕವಾಗಿತ್ತು. ಬಾಗಿಲ ಮಣಿಪರದೆಯ ಹಿಂದೆ ವೂಬಿತ್ ಅಳುತ್ತಿದ್ದಳು. ನನ್ನ ಕಣ್ಣ ಮುಂದೆ ಗೊಂದರ್‌ನ ಮೈದಾನದಲ್ಲಿ ಸೀಟಿ ಕೈಯಲ್ಲಿ ಹಿಡಿದು ಕಾಯುತ್ತಿರುವ ಬೆಲಾಯ್ ಬಂದ.

ಆದರೂ ಪದ್ಧತಿ ಪದ್ಧತಿಯೇ. ಬಂದ ಹಿರಿಯರನ್ನು ಒಳಗೆ ಕರೆದು ಮಾತು ಕೇಳಲೇಬೇಕು. ನಡುಮನೆಯಲ್ಲಿ ನಮಗಾಗಿ ಮೂರು ಕುರ್ಚಿ ಹಾಕಿದ್ದರು. ಹೆಣ್ಣು ಕೇಳಲು ಬಂದವರು ಅವುಗಳ ಮುಂದೆ ನಿಂತೇ ಇರಬೇಕು. ಮನೆಯ ಯಜಮಾನ ಹೂಂ ಎಂದ ಮೇಲೆಯೇ ಕೂರಬೇಕು. ಕೂತರೆಂದರೆ ಹೆಣ್ಣು ಕೊಟ್ಟರೆಂದೇ ಅರ್ಥ. ಒಂದು ಮಾತೂ ಕಿವಿಗೆ ಬೀಳದಷ್ಟು ದೂರದಲ್ಲಿರುವವರೂ ಕುರ್ಚಿ ನೋಡಿಯೇ ಫಲಿತಾಂಶ ತಿಳಿಯುತ್ತಾರೆ.

ಪಾದ್ರಿ ಕೇಳಿದರು: "ನಿಮ್ಮ ಮಗಳನ್ನು ನಮ್ಮ ಮಗನಿಗೆ ಕೊಡಿ."

ಆತೊ ಬೆಶಾಹ್ ಟೈ ಸರಿಪಡಿಸಿಕೊಂಡರು. ರೈಲು ನಿಲ್ಲಿಸುವವರಂತೆ ಬಲಗೈ ಮೇಲೆತ್ತಿದರು. "ಹಿರಿಯರೇ, ಗೌರವಕ್ಕೆ ಗೌರವ ಕೊಟ್ಟು ಕೇಳಿದೀರಿ. ನಾನೂ ನೇರವಾಗಿ ಹೇಳ್ತೀನಿ. ನನ್ನ ಉತ್ತರ..."

ಅಷ್ಟರಲ್ಲಿ ಪಾದ್ರಿ ಮೆರ್ಷಾ ಅವರ ಮೊಣಕಾಲು ತನ್ನ ಉತ್ತರ ಕೊಟ್ಟಿತು. ಆರು ಗಂಟೆ ನಿಂತ ಕಾಲು. ಅವರು ಒಮ್ಮೆ ಹಿಂದಕ್ಕೆ ವಾಲಿ, ಕುರ್ಚಿಯೊಳಗೆ ಧೊಪ್ಪೆಂದು ಕುಸಿದು, ಎಪ್ಪತ್ತೆಂಟು ವರ್ಷದ ಬಳಲಿಕೆಯನ್ನೆಲ್ಲ ಹೊರಹಾಕುವಂತಹ ನಿಟ್ಟುಸಿರು ಬಿಟ್ಟರು.

ಮಣಿಪರದೆಯ ಸಂದಿಯಿಂದ ವೂಬಿತ್‌ಳ ಅಜ್ಜಿ ನೋಡುತ್ತಿದ್ದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಕಣ್ಣು ಚುರುಕು. ಕೂತ ಪಾದ್ರಿಯನ್ನು ಕಂಡದ್ದೇ ತಡ, ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದಳು: "ಇಲಿಲಿಲಿಲಿಲೀ!"

ಮಧ್ಯಾಹ್ನದಿಂದ ಹಸಿದು, ಸಾರು ಮೂರು ಸಲ ಬಿಸಿ ಮಾಡಿ ಸಾಕಾಗಿದ್ದ ಅಡುಗೆಮನೆಯ ಹೆಂಗಸರಿಗೆ ಅಷ್ಟೇ ಬೇಕಿತ್ತು. "ಇಲಿಲಿಲಿ!" ಅಂಗಳ ಎತ್ತಿಕೊಂಡಿತು. ಪಕ್ಕದ ಮನೆ, ಅದರ ಪಕ್ಕದ ಮನೆ, ಬೀದಿಯ ತುದಿ. ನೆಂಟರು ಒಳನುಗ್ಗಿ ಆತೊ ಬೆಶಾಹ್ ಅವರ ಎರಡೂ ಕೆನ್ನೆಗೆ ಮುತ್ತಿಟ್ಟರು. ಯಾರೋ ಡೋಲು ತಂದರು. ಅವರ ಬಲಗೈ ಇನ್ನೂ ಮೇಲೇ ಇತ್ತು. ಅದನ್ನೂ ಯಾರೋ ಹಿಡಿದು ಕುಲುಕಿದರು.

ಗದ್ದಲದ ನಡುವೆ ಅವರು ಬಾಗಿ ಪಾದ್ರಿಯ ಕಿವಿಯಲ್ಲಿ ಹೇಳಿದರು: "ಗುರುಗಳೇ, ನಾನಿನ್ನೂ ಹೂಂ ಅಂದಿಲ್ಲ."

ಪಾದ್ರಿ ಕಣ್ಣು ತೆರೆಯಲಿಲ್ಲ. "ನಾನು ಇನ್ನು ಏಳೋದಿಲ್ಲ, ಮಗನೇ," ಎಂದರು.

ಆತೊ ಬೆಶಾಹ್ ಸುತ್ತ ನೋಡಿದರು. ಪರದೆ ಸರಿಸಿ ನಿಂತಿದ್ದ ಮಗಳನ್ನು ನೋಡಿದರು. ಅವಳು ಒದ್ದೆ ಕಣ್ಣಲ್ಲೇ ನಗುತ್ತಿದ್ದಳು. ಅವರ ಕೈ ನಿಧಾನವಾಗಿ ಕೆಳಗಿಳಿಯಿತು. "ಸರಿ," ಎಂದರು, ಸೋತ ಮನುಷ್ಯನ ಘನತೆಯಿಂದ. "ಊಟಕ್ಕೆ ಹಾಕಿ. ಎಷ್ಟು ಹೊತ್ತಾಯ್ತು?"

ಜೆಂಬೆರೆ ಕೈಗಡಿಯಾರವನ್ನು ಕಣ್ಣಿನ ಹತ್ತಿರ ತಂದು ಬಾಯಿ ತೆರೆದ.

ನಾನು ಅವನ ಕಾಲು ತುಳಿದೆ.